ನಾಲ್ಕನೇ ರಿಬ್‌ನ ಆಚೆ: ಎರಡು ಮೀಟರ್ ಮಾದರಿ ವಿಮಾನದ ರೆಕ್ಕೆಯ ಭಾರ ಪರೀಕ್ಷೆ

ಹನ್ನೆರಡು ಕಿಲೋ ಮರಳು ಹೊರಬೇಕಿದ್ದ ರೆಕ್ಕೆ 7.2 ಕಿಲೋಗೇ ಮುರಿಯಿತು. ಮುರಿದದ್ದು ಎಲ್ಲರೂ ಕಣ್ಣಿಟ್ಟಿದ್ದ ಬುಡದಲ್ಲಲ್ಲ, ಮಧ್ಯದಿಂದ 40 ಸೆಂ.ಮೀ. ದೂರದಲ್ಲಿ, ನಾಲ್ಕನೇ ರಿಬ್ (ರೆಕ್ಕೆಗೆ ಆಕಾರ ಕೊಡುವ ಅಡ್ಡ ಪಕ್ಕೆ) ದಾಟಿದ ಕೂಡಲೇ. ಕಾಗದದ ಮೇಲಿನ ಲೆಕ್ಕದ ಪ್ರಕಾರ ಅಲ್ಲಿನ ಮರದ ಮೇಲೆ ಬಿದ್ದಿದ್ದ ಒತ್ತಡ ಅದರ ಶಕ್ತಿಯ ಅರ್ಧವನ್ನೂ ಮುಟ್ಟಿರಲಿಲ್ಲ. ಲೆಕ್ಕದಲ್ಲಿ ತಪ್ಪಿರಲಿಲ್ಲ, ಅದು ಅಪೂರ್ಣವಾಗಿತ್ತು.

ರೆಕ್ಕೆಯ ವಿವರ

ರೇಡಿಯೋ ನಿಯಂತ್ರಿತ ವಿದ್ಯುತ್ ಗ್ಲೈಡರ್. ಹಾರುವಾಗಿನ ಒಟ್ಟು ತೂಕ 1.8 ಕಿಲೋ, ಅದರಲ್ಲಿ ರೆಕ್ಕೆಯದೇ 420 ಗ್ರಾಂ. ರೆಕ್ಕೆಯ ಉದ್ದ ತುದಿಯಿಂದ ತುದಿಗೆ 2 ಮೀಟರ್, ಒಂದೇ ತುಂಡು. ಅಗಲ ಮಧ್ಯದಿಂದ 60 ಸೆಂ.ಮೀ.ವರೆಗೆ 200 ಮಿ.ಮೀ., ಅಲ್ಲಿಂದ ಕಿರಿದಾಗುತ್ತ ತುದಿಯಲ್ಲಿ 120 ಮಿ.ಮೀ. ದಪ್ಪ ಅಗಲದ 12%, ಅಂದರೆ ಬುಡದಲ್ಲಿ 24 ಮಿ.ಮೀ. ಬಾಲ್ಸಾ ಎಂಬ ಹಗುರ ಮರದ ರಿಬ್‌ಗಳು 100 ಮಿ.ಮೀ. ಅಂತರದಲ್ಲಿವೆ. ಇದು ಸ್ವಲ್ಪ ವಿರಳವೇ. ಈ ವಿರಳತೆಗೂ ಮುರಿತಕ್ಕೂ ಇದ್ದ ನಂಟು ಮುಂದೆ ಬರುತ್ತದೆ.

ರೆಕ್ಕೆಯ ಉದ್ದಕ್ಕೂ ಓಡುವ ಬೆನ್ನೆಲುಬಾದ ಸ್ಪಾರ್ ಎಂದರೆ ಇಲ್ಲಿ ಮೇಲೊಂದು ಕೆಳಗೊಂದು ಸ್ಪ್ರೂಸ್ ಮರದ ಪಟ್ಟಿ. ಬುಡದಲ್ಲಿ ಪ್ರತಿ ಪಟ್ಟಿ 10×5 ಮಿ.ಮೀ. ಮೂರನೇ ರಿಬ್‌ನಿಂದ ನಾಲ್ಕನೇ ರಿಬ್‌ವರೆಗೆ ಹತ್ತರಿ ಹೊಡೆದು 6×3ಕ್ಕೆ ಇಳಿಸಲಾಗಿತ್ತು, ಅಲ್ಲಿಂದ ತುದಿಯವರೆಗೆ ಅದೇ ಅಳತೆ. ಎರಡು ಪಟ್ಟಿಗಳ ನಡುವೆ 1.5 ಮಿ.ಮೀ. ಬಾಲ್ಸಾ ಶಿಯರ್ ವೆಬ್ (ಎರಡನ್ನೂ ಜೋಡಿಸುವ ನಿಂತ ಹಾಳೆ) ಇತ್ತು, ನಾಲ್ಕನೇ ರಿಬ್‌ವರೆಗೆ. ಸ್ಪಾರ್‌ನಿಂದ ಮುಂದಂಚಿನವರೆಗೆ ಮೇಲೂ ಕೆಳಗೂ 1.5 ಮಿ.ಮೀ. ಬಾಲ್ಸಾ ಹಾಳೆಯ ಹೊದಿಕೆ ಇತ್ತು, ಅದೂ ನಾಲ್ಕನೇ ರಿಬ್‌ವರೆಗೆ. ಅದರಾಚೆ ಬರೀ ರಿಬ್, ಪಟ್ಟಿ, ಮೇಲೆ ಇಸ್ತ್ರಿ ಹಚ್ಚಿ ಅಂಟಿಸುವ ಫಿಲ್ಮ್.

ಮೂರು ಸಂಗತಿಗಳು ಒಂದೇ ರಿಬ್‌ನಲ್ಲಿ ಮುಗಿಯುತ್ತವೆ. ನಕ್ಷೆಯಲ್ಲಿ ಇದು ಎಷ್ಟು ಅಚ್ಚುಕಟ್ಟಾಗಿ ಕಾಣುತ್ತದೆಂದರೆ ಯಾರಿಗೂ ಅನುಮಾನ ಬರುವುದಿಲ್ಲ.

ಎಷ್ಟು ಭಾರ, ಯಾಕೆ

ಡೈವ್‌ನಿಂದ ಮೇಲೆಳೆಯುವಾಗ ರೆಕ್ಕೆಯ ಮೇಲಿನ ಹೊರೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 90 ಕಿ.ಮೀ. ವೇಗದಲ್ಲಿ, ಅಂದರೆ ಸೆಕೆಂಡಿಗೆ 25 ಮೀಟರ್‌ನಲ್ಲಿ, 13 ಮೀಟರ್ ತ್ರಿಜ್ಯದ ವೃತ್ತಚಾಪದಲ್ಲಿ ಎಳೆದರೆ ಕೆಳಬಿಂದುವಿನಲ್ಲಿ 5.9 ಜಿ, ಅಂದರೆ ಹೊರೆ ತೂಕದ 5.9 ಪಟ್ಟು. ಇದನ್ನೇ ದುಂಡಾಗಿಸಿ 6 ಜಿಯನ್ನು ಮಿತಿ ಹೊರೆ (ಹಾರಾಟದಲ್ಲಿ ನಿರೀಕ್ಷಿಸುವ ಗರಿಷ್ಠ ಹೊರೆ) ಎಂದು ಇಟ್ಟುಕೊಳ್ಳಲಾಯಿತು. ದೊಡ್ಡ ವಿಮಾನಗಳಲ್ಲಿ ಮಿತಿ ಹೊರೆಯ ಒಂದೂವರೆ ಪಟ್ಟನ್ನು ರಚನೆ ಕನಿಷ್ಠ 3 ಸೆಕೆಂಡ್ ಮುರಿಯದೆ ತಾಳಬೇಕೆಂಬ ನಿಯಮವಿದೆ. ಅದನ್ನೇ ಇಲ್ಲಿಗೂ ತಂದರೆ ಅಂತಿಮ ಹೊರೆ 9 ಜಿ.

ಈ 9ಕ್ಕೆ ಇನ್ನೊಂದು ಸಮರ್ಥನೆಯೂ ಇದೆ. ರೆಕ್ಕೆಯ ವಿಸ್ತೀರ್ಣ 0.368 ಚ.ಮೀ. ಲಿಫ್ಟ್ (ಮೇಲೆತ್ತುವ ಬಲ) ಗುಣಾಂಕ ಗರಿಷ್ಠ 1.1 ಎಂದುಕೊಂಡರೆ, 90 ಕಿ.ಮೀ. ವೇಗದಲ್ಲಿ ರೆಕ್ಕೆ ಹುಟ್ಟಿಸಬಲ್ಲ ಲಿಫ್ಟ್ 155 ನ್ಯೂಟನ್, ತೂಕದ 8.8 ಪಟ್ಟು. ಎಲಿವೇಟರ್ (ಬಾಲದ ಏರಿಳಿತ ನಿಯಂತ್ರಕ) ಎಷ್ಟೇ ಎಳೆದರೂ ಮುರಿಯುವ ಮುಂಚೆ ಸ್ಟಾಲ್ ಆಗಿ ಲಿಫ್ಟ್ ಕುಸಿಯುತ್ತದೆ. ಆದರೆ ವೇಗ 108 ಕಿ.ಮೀ. ಮುಟ್ಟಿದರೆ ಅದೇ ರೆಕ್ಕೆ 12.6 ಜಿ ಹುಟ್ಟಿಸಬಲ್ಲದು. ವೇಗ ಐದನೇ ಒಂದು ಪಾಲು ಹೆಚ್ಚಿದರೆ ಹೊರೆ 44% ಹೆಚ್ಚುತ್ತದೆ. ಹೀಗಾಗಿ ‘ಈ ರೆಕ್ಕೆ ಇಷ್ಟು ಜಿ ತಾಳುತ್ತದೆ’ ಎಂಬ ಮಾತಿಗೆ ವೇಗದ ಮಿತಿಯನ್ನೂ ಸೇರಿಸಿ ಹೇಳದಿದ್ದರೆ ಅರ್ಥವಿಲ್ಲ.

ಮರಳಿನ ತೂಕ ಲೆಕ್ಕ ಹಾಕುವಾಗ ಬಹಳಷ್ಟು ಜನ ಎಡವುವ ಜಾಗ ಒಂದಿದೆ. 1.8 ಕಿಲೋವನ್ನು 9ರಿಂದ ಗುಣಿಸಿ 16.2 ಕಿಲೋ ಹೇರಿಬಿಡುತ್ತಾರೆ. ರೆಕ್ಕೆ ತನ್ನ ತೂಕವನ್ನು ಉದ್ದಕ್ಕೂ ತಾನೇ ಹೊತ್ತುಕೊಳ್ಳುತ್ತದೆ; ಆ ತೂಕ ಬುಡವನ್ನು ಬಾಗಿಸುವುದಿಲ್ಲ. ಬಾಗಿಸುವುದು ಮಧ್ಯದಲ್ಲಿ ತೂಗುವ 1.38 ಕಿಲೋ ಮಾತ್ರ. 9 ಜಿಯಲ್ಲಿ ಅದು 12.42 ಕಿಲೋ. ಪರೀಕ್ಷೆಯಲ್ಲಿ ರೆಕ್ಕೆಯನ್ನು ಬೋರಲು ಹಾಕುವುದರಿಂದ ಅದರ 0.42 ಕಿಲೋ ತೂಕವೂ ಮರಳಿನ ಜೊತೆ ಕೆಳಕ್ಕೇ ಎಳೆಯುತ್ತದೆ. ಅದನ್ನು ಕಳೆದರೆ ಮರಳು 12.0 ಕಿಲೋ. ಮಿತಿ ಹೊರೆಗೆ ಅದೇ ರೀತಿ 7.86 ಕಿಲೋ.

ಹಂಚಿಕೆ ಮತ್ತು ಜೋಡಣೆ

ಮರಳನ್ನು ಉದ್ದಕ್ಕೂ ಸಮನಾಗಿ ಹರಡಿದರೆ ಬುಡದ ಬೆಂಡಿಂಗ್ ಮೊಮೆಂಟ್ (ಬಾಗಿಸುವ ಬಲವನ್ನು ಅದರ ತೋಳಿನ ಉದ್ದದಿಂದ ಗುಣಿಸಿದ್ದು) ಇರಬೇಕಾದದ್ದಕ್ಕಿಂತ 11% ಹೆಚ್ಚಾಗುತ್ತದೆ. ಸುರಕ್ಷತೆಯ ಕಡೆಗೇ ವಾಲಿದ ತಪ್ಪು ಎಂದು ಸಮಾಧಾನ ಹೇಳಿಕೊಳ್ಳಬಹುದು, ಆದರೆ ಮುರಿಯುವ ಜಾಗವೇ ಬದಲಾಗಿಬಿಡಬಹುದು. 1940ರಲ್ಲಿ ಓಸ್ಕರ್ ಶ್ರೆಂಕ್ ಕೊಟ್ಟ ಸರಳ ವಿಧಾನ ಮಾದರಿಗಳಿಗೆ ಧಾರಾಳ ಸಾಕು: ರೆಕ್ಕೆಯ ನಿಜವಾದ ಅಗಲ ಮತ್ತು ಅಷ್ಟೇ ವಿಸ್ತೀರ್ಣದ ದೀರ್ಘವೃತ್ತದ ಅಗಲ, ಇವೆರಡರ ಸರಾಸರಿಯಂತೆ ಲಿಫ್ಟ್ ಹಂಚುವುದು. ಅರ್ಧ ರೆಕ್ಕೆಯನ್ನು 20 ಸೆಂ.ಮೀ.ಯ ಐದು ಪಾಲು ಮಾಡಿದಾಗ ಬುಡದಿಂದ ತುದಿಗೆ 23.5, 23, 21.9, 18.8, 12.8 ಶೇಕಡಾ ಬಂತು.

ಹೊರೆಯನ್ನು 1.2 ಕಿಲೋ ಹಂತಗಳಲ್ಲಿ ಏರಿಸಲು ನಿರ್ಧಾರವಾಯಿತು. ಒಂದು ಹಂತಕ್ಕೆ ಅರ್ಧ ರೆಕ್ಕೆಗೆ 600 ಗ್ರಾಂ. ಪಾಲುಗಳಿಗೆ ಕ್ರಮವಾಗಿ 140, 140, 130, 115, 75 ಗ್ರಾಂ. ಹತ್ತು ಹಂತಕ್ಕೆ ನೂರು ಪೊಟ್ಟಣ. ಒಣಗಿಸಿದ ಮರಳನ್ನು ಸಣ್ಣ ಜಿಪ್ ಕವರಿನಲ್ಲಿ ತೂಗಿ ತುಂಬಿ, ಪ್ರತಿಯೊಂದರ ಮೇಲೂ ಪಾಲಿನ ಸಂಖ್ಯೆ ಬರೆಯುವುದು ಬೇಸರದ ಕೆಲಸ. ಆದರೂ ನಾಲ್ಕೈದು ದೊಡ್ಡ ಚೀಲ ಇಟ್ಟು ಮುಗಿಸಬಾರದು. ದೊಡ್ಡ ಚೀಲ ಬಾಗಿದ ರೆಕ್ಕೆಯ ಮೇಲೆ ಕಮಾನಿನಂತೆ ನಿಂತು ನಡುಭಾಗದ ಹೊರೆಯನ್ನು ಅಂಚುಗಳಿಗೆ ದಾಟಿಸುತ್ತದೆ. ಒಂದಕ್ಕೊಂದು ತಾಗಿದ ಚೀಲಗಳು ಒತ್ತಿಕೊಂಡು ರೆಕ್ಕೆಗೆ ಇಲ್ಲದ ಗಡಸು ತಂದುಕೊಡುತ್ತವೆ. ಪೊಟ್ಟಣಗಳ ಸಾಲುಗಳ ನಡುವೆ ಒಂದು ಬೆರಳು ಜಾಗ ಬಿಡಬೇಕು.

ಫಿಲ್ಮ್ ಮೇಲೆ ನೇರವಾಗಿ ಮರಳು ಇಡುವಂತಿಲ್ಲ. ಅದು ಜೋತುಬಿದ್ದು ಹರಿಯುತ್ತದೆ. ಪ್ರತಿ ಪಾಲಿನಲ್ಲೂ ಎರಡು ರಿಬ್‌ಗಳ ಮೇಲೆ ಕೂರುವಂತೆ ಹಗುರ ಫೋಮ್ ಹಲಗೆಯ ತುಂಡು ಇಟ್ಟು ಅದರ ಮೇಲೆ ಪೊಟ್ಟಣ ಪೇರಿಸಲಾಯಿತು. ಹಲಗೆಯ ತೂಕವನ್ನೂ ಮೊದಲ ಹಂತದಲ್ಲಿ ಲೆಕ್ಕಕ್ಕೆ ಹಿಡಿಯಬೇಕು. ಪೊಟ್ಟಣಗಳ ಗುರುತ್ವಕೇಂದ್ರ ಮುಂದಂಚಿನಿಂದ ಅಗಲದ 25ರಿಂದ 30% ದೂರದಲ್ಲಿ ಬರಬೇಕು. ಹಿಂದಕ್ಕೆ ಜಾರಿದರೆ ರೆಕ್ಕೆ ತಿರುಚಿಕೊಳ್ಳುತ್ತದೆ, ಪರೀಕ್ಷೆ ಬೇರೆಯದೇ ಆಗಿಬಿಡುತ್ತದೆ.

ಆಧಾರದ ವಿಷಯದಲ್ಲಿ ಒಂದೇ ಮಾತು: ಹಾರುವಾಗ ಫ್ಯೂಸ್‌ಲಾಜ್ (ವಿಮಾನದ ಒಡಲು) ಎಲ್ಲಿ ಹಿಡಿಯುತ್ತದೋ ಅಲ್ಲೇ ಹಿಡಿಯಬೇಕು. 60 ಮಿ.ಮೀ. ಅಗಲದ, ರೆಕ್ಕೆಯ ಮೇಲ್ಮೈಗೆ ಒಪ್ಪುವ ಮರದ ತೊಟ್ಟಿಲು, ಒಳಗೆ 5 ಮಿ.ಮೀ. ಫೋಮ್. ಇಷ್ಟರಲ್ಲೇ ಎಚ್ಚರ ತಪ್ಪಿ ಬರಿಯ ಹಲಗೆಯ ಅಂಚಿನ ಮೇಲೆ ಕೂರಿಸಿದರೆ ಆ ಅಂಚೇ ಪಟ್ಟಿಯನ್ನು ಕಚ್ಚಿ ಮುರಿಯುತ್ತದೆ. ಎರಡೂ ತುದಿಗಳ ಕೆಳಗೆ, ನಿರೀಕ್ಷಿತ ಬಾಗುವಿಕೆಗಿಂತ 20 ಮಿ.ಮೀ. ತಗ್ಗಿನಲ್ಲಿ, ಮೆತ್ತನೆಯ ದಿಮ್ಮಿ ಇಡಲಾಯಿತು. ಮುರಿದ ರೆಕ್ಕೆ ನೆಲಕ್ಕೆ ಬಡಿದು ಎರಡನೇ ಸಲ ಚೂರಾದರೆ ಮೊದಲ ಬಿರುಕು ಯಾವುದೆಂದು ತಿಳಿಯುವುದೇ ಇಲ್ಲ.

ಬೋರಲು ಇಟ್ಟ ರೆಕ್ಕೆಯಲ್ಲಿ ಹಾರಾಟದ ಮೇಲ್ಪಟ್ಟಿ ನೆಲದ ಕಡೆ ಇರುತ್ತದೆ. ಒತ್ತಿಸಿಕೊಂಡು ಸೋಲುವುದು ಅದೇ. ಮರ ಎಳೆತಕ್ಕಿಂತ ಒತ್ತಡಕ್ಕೆ ಬೇಗ ಬಗ್ಗುತ್ತದೆ. ಹಾಗಾಗಿ ಕ್ಯಾಮೆರಾ ಕೆಳಗಿನಿಂದ ನೋಡಬೇಕು, ಸಾಧ್ಯವಾದರೆ ಸೆಕೆಂಡಿಗೆ 240 ಚೌಕಟ್ಟಿನ ವೇಗದಲ್ಲಿ. ಮೇಲಿನಿಂದ ತೆಗೆದ ಚಿತ್ರದಲ್ಲಿ ಮರಳಿನ ಪೊಟ್ಟಣ ಉರುಳುವುದು ಬಿಟ್ಟರೆ ಬೇರೇನೂ ಸಿಗುವುದಿಲ್ಲ. ಕಣ್ಣಿಗೆ ಕನ್ನಡಕ ಕಡ್ಡಾಯ, ಸ್ಪ್ರೂಸ್ ಮುರಿದರೆ ಚೂಪು ಸಿಬಿರು ಹಾರುತ್ತದೆ.

ಮುರಿದದ್ದು ಹೇಗೆ

ಹೇರುವ ಕ್ರಮ ಬುಡದಿಂದ ತುದಿಗೆ, ಎಡಬಲ ಜೊತೆಜೊತೆಗೆ. ಇಳಿಸುವುದು ತುದಿಯಿಂದ ಬುಡಕ್ಕೆ. ಪ್ರತಿ ಹಂತದ ನಂತರ ಎರಡೂ ತುದಿಗಳ ಇಳಿತವನ್ನು ಅಳೆದು, ತೊಟ್ಟಿಲಿನ ಫೋಮ್ ಕುಗ್ಗಿದ್ದನ್ನು ಕಳೆದು, ಸರಾಸರಿ ತೆಗೆಯಲಾಯಿತು. ಮೊದಲ ಐದು ಹಂತಗಳಲ್ಲಿ ಬಂದ ಅಂಕಿಗಳು 9, 18, 27, 37, 49 ಮಿ.ಮೀ.

ಅಂಕಿಗಳ ನಡುವಿನ ವ್ಯತ್ಯಾಸ ನೋಡಿ: 9, 9, 9, ಆಮೇಲೆ 10, 12. ಮೊದಲ ಮೂರು ಹಂತ ನೇರ ಗೆರೆ. ನಾಲ್ಕನೆಯದರಲ್ಲಿ ಗೆರೆ ತುಸು ಬಾಗಿದೆ, ಅದನ್ನು ಅಳತೆಯ ಲೋಪ ಎನ್ನಬಹುದಿತ್ತು. ಐದನೆಯದರಲ್ಲಿ ಹಾಗೆನ್ನಲು ಬರುವುದಿಲ್ಲ. ಎಲ್ಲೋ ಏನೋ ಮೆತ್ತಗಾಗುತ್ತಿದೆ. ಪರೀಕ್ಷೆ ಅಲ್ಲೇ ನಿಲ್ಲಿಸಿ ಕೆಳಗಿನಿಂದ ಟಾರ್ಚ್ ಬಿಟ್ಟು ನೋಡಿದ್ದರೆ ನಾಲ್ಕು ಮತ್ತು ಐದನೇ ರಿಬ್‌ಗಳ ನಡುವೆ ಪಟ್ಟಿ ಸಣ್ಣಗೆ ಅಲೆಯಾಗಿರುವುದು ಕಾಣುತ್ತಿತ್ತು. ಆಮೇಲೆ ಚಿತ್ರೀಕರಣದಲ್ಲಿ ಅದು ಸ್ಪಷ್ಟವಾಗಿಯೇ ಕಂಡಿತು. ಆರನೇ ಹಂತದ ಕೊನೆಯ ಪೊಟ್ಟಣ ಕೂತ ಕೂಡಲೇ ಎಡ ರೆಕ್ಕೆ ಆ ಅಂತರದಲ್ಲಿ ಮಡಚಿಕೊಂಡಿತು. 7.2 ಕಿಲೋ ಮರಳು ಅಂದರೆ 5.5 ಜಿ. ಅಂತಿಮ ಹೊರೆಯ ಮಾತು ಹಾಗಿರಲಿ, ಮಿತಿ ಹೊರೆಯನ್ನೂ ಮುಟ್ಟಲಿಲ್ಲ.

ನಾಲ್ಕನೇ ರಿಬ್‌ನಲ್ಲಿ ಆ ಕ್ಷಣದ ಬೆಂಡಿಂಗ್ ಮೊಮೆಂಟ್, ರೆಕ್ಕೆಯ ಸ್ವಂತ ತೂಕ ಸೇರಿ, 5.3 ನ್ಯೂಟನ್ ಮೀಟರ್. ಪಟ್ಟಿಗಳ ಕೇಂದ್ರಗಳ ನಡುವೆ 21 ಮಿ.ಮೀ. ಇರುವುದರಿಂದ ಪ್ರತಿ ಪಟ್ಟಿಯಲ್ಲಿ 252 ನ್ಯೂಟನ್, 18 ಚದರ ಮಿ.ಮೀ. ಮೇಲೆ ಹಂಚಿದರೆ ಚದರ ಮಿ.ಮೀ.ಗೆ 14 ನ್ಯೂಟನ್. ಒಳ್ಳೆಯ ಒಣ ಸ್ಪ್ರೂಸ್ ಎಳೆಯ ನೇರಕ್ಕೆ 38ರ ಸುಮಾರಿಗೆ ಒತ್ತಡ ತಾಳುತ್ತದೆ. 9 ಜಿಯಲ್ಲೂ ಈ ಅಂಕಿ 23 ದಾಟುವುದಿಲ್ಲ. ವಿನ್ಯಾಸ ಮಾಡಿದವರು ಇದನ್ನೇ ನೋಡಿ, ‘ಹೊರಭಾಗದಲ್ಲಿ ಹೊರೆ ಕಡಿಮೆ, ವೆಬ್ ಯಾಕೆ’ ಎಂದು ಬಿಟ್ಟಿದ್ದಾರೆ.

ಬಿಟ್ಟುಹೋದದ್ದು ಶಿಯರ್, ಅಂದರೆ ಕತ್ತರಿ ಬಲ. ವೆಬ್ ಇದ್ದಾಗ ಎರಡು ಪಟ್ಟಿಗಳು ಒಂದೇ ತೊಲೆಯಾಗಿ ದುಡಿಯುತ್ತವೆ. ಕತ್ತರಿ ಬಲವನ್ನು ವೆಬ್ ಹೊರುತ್ತದೆ, ಪಟ್ಟಿಗೆ ಬರೀ ನೇರ ಎಳೆತ ಅಥವಾ ಒತ್ತಡ. ವೆಬ್ ಇಲ್ಲದ ಕಡೆ ಆ ಬಲ ಮಾಯವಾಗುವುದಿಲ್ಲ. ಅದನ್ನು ಪಟ್ಟಿಗಳೇ ಹೊರಬೇಕು, ಪ್ರತಿ ರಿಬ್ ಅಂತರದಲ್ಲೂ ‘ಎಸ್’ ಆಕಾರಕ್ಕೆ ಬಾಗಿ. ಏಣಿಯನ್ನು ಅಡ್ಡಲಾಗಿ, ಒಂದು ಕಾಲು ಮೇಲೆ ಇನ್ನೊಂದು ಕೆಳಗೆ ಬರುವಂತೆ ಇಟ್ಟು ಮಧ್ಯ ಒತ್ತಿದರೆ ಅದರ ಮೆಟ್ಟಿಲುಗಳ ನಡುವೆ ಕಾಲುಗಳು ಸೊಟ್ಟಗಾಗುವ ಹಾಗೆ. 7.2 ಕಿಲೋ ಹೊರೆಗೆ ನಾಲ್ಕನೇ ರಿಬ್‌ನಲ್ಲಿ ಶಿಯರ್ 20 ನ್ಯೂಟನ್, ಪಟ್ಟಿಗೆ 10. ಅರ್ಧ ಅಂತರ 50 ಮಿ.ಮೀ., ಹಾಗಾಗಿ ಸ್ಥಳೀಯ ಮೊಮೆಂಟ್ 500 ನ್ಯೂಟನ್ ಮಿ.ಮೀ. 6×3 ಪಟ್ಟಿಯ ಸೆಕ್ಷನ್ ಮಾಡ್ಯುಲಸ್ (ಬಾಗನ್ನು ತಡೆಯುವ ಅಳತೆ) ಬರೀ 9 ಘನ ಮಿ.ಮೀ. ಭಾಗಿಸಿದರೆ 55. ಮೊದಲಿನ 14 ಸೇರಿಸಿ: ಸುಮಾರು 70. ಸ್ಪ್ರೂಸ್ ಬಾಗಿ ಮುರಿಯುವುದೂ ಆಸುಪಾಸು ಅಲ್ಲೇ. ಜೊತೆಗೆ ತೆಳು ಪಟ್ಟಿಗೆ ಎರಡು ರಿಬ್‌ಗಳ ನಡುವೆ ಬಕ್ಲಿಂಗ್ ಆಗುವ, ಅಂದರೆ ಒತ್ತಿದಾಗ ಪಕ್ಕಕ್ಕೆ ಬಾಗಿಕೊಳ್ಳುವ ಚಾಳಿ. ತುದಿಗಳು ಸಡಿಲವಾಗಿದ್ದರೆ 133 ನ್ಯೂಟನ್‌ಗೆ, ಬಿಗಿಯಾಗಿದ್ದರೆ 533ಕ್ಕೆ. 252 ಇವೆರಡರ ನಡುವೆ ಬರುತ್ತದೆ. ಐದನೇ ಹಂತದಲ್ಲಿ ಕಂಡ ಅಲೆ ಇದರದೇ ಗುರುತು.

ಗಮನಿಸಬೇಕಾದದ್ದು ರಿಬ್ ಅಂತರದ ಪಾತ್ರ. ಅದೇ ಪಟ್ಟಿಗೆ ರಿಬ್‌ಗಳು 50 ಮಿ.ಮೀ.ಗೊಂದು ಇದ್ದಿದ್ದರೆ ಸ್ಥಳೀಯ ಬಾಗು ಅರ್ಧಕ್ಕೆ ಇಳಿಯುತ್ತಿತ್ತು. ಹಳೆಯ ನಕ್ಷೆಗಳಲ್ಲಿ ವೆಬ್ ಇಲ್ಲದೆಯೂ ಉಳಿದುಕೊಂಡ ರೆಕ್ಕೆಗಳಿವೆಯಲ್ಲ ಎಂಬ ವಾದಕ್ಕೆ ಉತ್ತರ ಬಹುಪಾಲು ಇಲ್ಲೇ ಇದೆ.

ತುದಿ ಹಿಡಿದು ಎತ್ತುವ ಪರೀಕ್ಷೆ ಯಾಕೆ ಹೇಳಲಿಲ್ಲ

ಈ ರೆಕ್ಕೆ ಮರಳು ಹೇರುವ ಮೊದಲು ಮೈದಾನದ ಹಳೇ ಪರೀಕ್ಷೆಯಲ್ಲಿ ಪಾಸಾಗಿತ್ತು: ಇಬ್ಬರು ಎರಡು ತುದಿ ಹಿಡಿದು ತುಂಬಿದ ವಿಮಾನವನ್ನು ಎತ್ತುವುದು. ಆ ಪರೀಕ್ಷೆಯಲ್ಲಿ ಬುಡದ ಮೊಮೆಂಟ್ ಸುಮಾರು 2.6 ಜಿಗೆ ಸಮ. ಅಷ್ಟೇನೂ ದೊಡ್ಡದಲ್ಲ ಎಂದು ಗೊತ್ತೇ ಇದೆ. ಆದರೆ ನಾಲ್ಕನೇ ರಿಬ್‌ನಲ್ಲಿ ಲೆಕ್ಕ ಹಾಕಿದರೆ ಅಚ್ಚರಿ ಕಾದಿದೆ. ಪ್ರತಿ ತುದಿಯಲ್ಲಿ 0.9 ಕಿಲೋ, 60 ಸೆಂ.ಮೀ. ತೋಳು; ಆಚೆಗಿನ ರೆಕ್ಕೆಯ ತೂಕದ ಪಾಲು ಕಳೆದರೆ ಮೊಮೆಂಟ್ 0.51 (ಕಿಲೋ ತೂಕ × ಮೀಟರ್ ತೋಳು). ಮುರಿದಾಗ ಇದ್ದದ್ದು 0.54. ಹೆಚ್ಚುಕಡಿಮೆ ಒಂದೇ!

ಆದರೂ ಮುರಿಯಲಿಲ್ಲ, ಯಾಕೆಂದರೆ ಶಿಯರ್ ಬರೀ 0.8 ಕಿಲೋ, ಮುರಿದಾಗಿನದರ 40%. ತುದಿ ಎತ್ತುವಿಕೆ ಉದ್ದ ತೋಳಿನಿಂದ ಮೊಮೆಂಟ್ ಕೊಡುತ್ತದೆ, ಕತ್ತರಿ ಬಲ ಕೊಡುವುದಿಲ್ಲ. ವೆಬ್ ಇಲ್ಲದ ರೆಕ್ಕೆಯ ಹುಳುಕನ್ನು ಅದು ಮುಚ್ಚಿಡುತ್ತದೆ. ಅಂಟು ಒಣಗಿದೆಯೇ, ಮಧ್ಯದ ಜೋಡಣೆ ಕಿರ್ರೆನ್ನುತ್ತದೆಯೇ ಎಂದು ತಿಳಿಯಲು ಬಳಸಿ. ಬಲದ ಪ್ರಮಾಣಪತ್ರವಾಗಿ ಬೇಡ.

ಎರಡನೇ ರೆಕ್ಕೆ

ಬದಲಾವಣೆಯ ಗುರಿ ಒಂದೇ: ಮೂರು ಸಂಗತಿಗಳು ಒಂದೇ ರಿಬ್‌ನಲ್ಲಿ ನಿಲ್ಲಬಾರದು. ವೆಬ್ಬನ್ನು ಎಂಟನೇ ರಿಬ್‌ವರೆಗೆ ಒಯ್ಯಲಾಯಿತು, ಎಳೆ ಲಂಬವಾಗಿ. ಎಳೆ ಉದ್ದಕ್ಕೆ ಇಟ್ಟರೆ ಕತ್ತರಿಸುವುದು ಸುಲಭ, ಆದರೆ ಬಾಗಿದ ಸ್ಪಾರ್‌ನಲ್ಲಿ ಪಟ್ಟಿಗಳು ಒಂದರ ಕಡೆಗೊಂದು ಒತ್ತಿಕೊಳ್ಳುತ್ತವೆ. ಅಡ್ಡ ಎಳೆಯ ಬಾಲ್ಸಾ ಆಗ ಅಪ್ಪಚ್ಚಿಯಾಗುತ್ತದೆ ಇಲ್ಲವೇ ಎಳೆಯ ಗುಂಟ ಸೀಳುತ್ತದೆ. ವೆಬ್ ತುಂಡು ಪಟ್ಟಿಗಳ ಮುಂಬದಿಗೆ ಅಂಟಬೇಕು, ರಿಬ್‌ಗೂ ತಾಗಿಕೊಂಡಿರಬೇಕು. ಮೂಲೆಯಲ್ಲಿ ಅರ್ಧ ಮಿ.ಮೀ. ಸಂದು ಬಿಟ್ಟು ಅಂಟಿನಿಂದ ತುಂಬಿಸುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ.

ಪಟ್ಟಿಯ ಇಳಿಜಾರನ್ನು ನಾಲ್ಕು ಮತ್ತು ಆರನೇ ರಿಬ್‌ಗಳ ನಡುವೆ ಸರಿಸಿ, 100 ಮಿ.ಮೀ. ಬದಲು 200 ಮಿ.ಮೀ.ಯಲ್ಲಿ ಇಳಿಸಲಾಯಿತು. ಬಾಲ್ಸಾ ಹೊದಿಕೆ ನೇರ ಗೆರೆಯಲ್ಲಿ ನಿಲ್ಲುವ ಬದಲು ಐದನೇ ರಿಬ್‌ವರೆಗೆ ಓರೆಯಾಗಿ ಸಣ್ಣದಾಗುತ್ತ ಮುಗಿಯಿತು. ಎಲ್ಲ ಸೇರಿ ರೆಕ್ಕೆಗೆ ಕೂಡಿದ್ದು 16 ಗ್ರಾಂ. ಅದರಲ್ಲಿ ವೆಬ್ ಮತ್ತು ಅದರ ಅಂಟಿನ ಪಾಲು ಆರು ಗ್ರಾಂ. ರೆಕ್ಕೆ ಭಾರವಾದರೂ ಹೊರಬೇಕಾದ 1.38 ಕಿಲೋ ಬದಲಾಗದ ಕಾರಣ ಮರಳಿನ ಲೆಕ್ಕವೂ ಹೆಚ್ಚುಕಡಿಮೆ ಹಾಗೇ ಉಳಿಯಿತು.

ಈ ಸಲ ಪ್ರತಿ ಹಂತಕ್ಕೆ 6 ಮಿ.ಮೀ. ಆರು ಹಂತದ ಮೇಲೆ ಅರ್ಧ ಹಂತ ಸೇರಿಸಿ 7.8 ಕಿಲೋದಲ್ಲಿ ನಿಲ್ಲಿಸಿದಾಗ ತುದಿ ಇಳಿದದ್ದು 40 ಮಿ.ಮೀ.; ಮರಳು ತೆಗೆದ ಮೇಲೆ ಉಳಿದದ್ದು 1 ಮಿ.ಮೀ. ಮತ್ತೆ ಹೇರಿ 12.0 ಕಿಲೋ ಮುಟ್ಟಿಸಿದಾಗ 61 ಮಿ.ಮೀ. ಮೂರು ಸೆಕೆಂಡ್ ಏನೂ ಆಗಲಿಲ್ಲ. ಕೊನೆಯಲ್ಲಿ ಒಂದು ಕಿರುಗುಟ್ಟುವ ಸದ್ದು, ಅಷ್ಟೆ. ಹನ್ನೊಂದನೇ ಹಂತದಲ್ಲಿ, 13.2 ಕಿಲೋಗೆ, ಅಂದರೆ 9.9 ಜಿಯಲ್ಲಿ, ತೊಟ್ಟಿಲಿನ ಅಂಚಿಗೆ ಹೊಂದಿಕೊಂಡು ಮೇಲ್ಪಟ್ಟಿ ಕುಗ್ಗಿ ಮುರಿಯಿತು. ಅಡ್ಡಕ್ಕೆ ಸಣ್ಣ ಸುಕ್ಕುಗೆರೆ, ಸಿಬಿರಿಲ್ಲ. ಅಪ್ಪಟ ಒತ್ತಡದ ಮುರಿತ. ಹೊರೆ ಅತಿ ಹೆಚ್ಚಿರುವ ಜಾಗದಲ್ಲೇ ಮುರಿದಿದೆ ಎಂದರೆ ಉಳಿದ ಕಡೆ ಬಲ ಸಾಲದೇ ಹೋಗಿಲ್ಲ ಎಂದರ್ಥ.

ಗುರಿಗಿಂತ ಹತ್ತು ಶೇಕಡಾ ಮೇಲೆ ಮುರಿಯುವುದು ಚೆನ್ನಾದ ಫಲಿತಾಂಶ. ಎರಡು ಪಟ್ಟು ತಾಳಿದರೆ ಅದು ಹೆಮ್ಮೆಯಲ್ಲ, ವ್ಯರ್ಥ ತೂಕ. ದೊಡ್ಡವರ ಅಂಚೂ ಕಿರಿದೇ: 2006ರ ಫೆಬ್ರುವರಿಯಲ್ಲಿ ಏರ್‌ಬಸ್ ಎ380ರ ಪರೀಕ್ಷಾ ರೆಕ್ಕೆ ಮಿತಿ ಹೊರೆಯ 1.45 ಪಟ್ಟಿಗೆ ಮುರಿಯಿತು, ಬೇಕಿದ್ದದ್ದು 1.5.

ಹಾರಿದ ರೆಕ್ಕೆ

ಹಾರಾಟಕ್ಕೆ ಹೋದದ್ದು ಅದೇ ನಕ್ಷೆಯ ಮೂರನೇ ರೆಕ್ಕೆ. ಅಂತಿಮ ಹೊರೆ ಕಂಡ ರೆಕ್ಕೆ ಮುರಿಯದಿದ್ದರೂ ಹಾರಿಸಬಾರದು. ಮರದ ಎಳೆಗಳಲ್ಲಿ ಹೊರಗೆ ಕಾಣದ ಒತ್ತು ಸುಕ್ಕು ಉಳಿದಿರುತ್ತದೆ. ಮೂರನೆಯದಕ್ಕೆ 7.8 ಕಿಲೋ ಮಾತ್ರ, ಫಿಲ್ಮ್ ಹಚ್ಚುವ ಮೊದಲು. ರಚನೆ ತೆರೆದಿರುವಾಗಲೇ ಮಾಡಿದರೆ ಪ್ರತಿ ವೆಬ್ ತುಂಡಿನ ಮೂಲೆಯನ್ನೂ ಟಾರ್ಚ್ ಬೆಳಕಿನಲ್ಲಿ ನೋಡಬಹುದು.

ಮರಳಿನ ಪರೀಕ್ಷೆ ತಿರುಚು ಬಿಗಿತದ ಬಗ್ಗೆ ಏನೂ ಹೇಳುವುದಿಲ್ಲ. ಹೊದಿಕೆ ಇಲ್ಲದ ಹೊರಭಾಗದಲ್ಲಿ ತಿರುಚನ್ನು ತಡೆಯುವುದು ಬಹುಮಟ್ಟಿಗೆ ಬಿಗಿಯಾದ ಫಿಲ್ಮೇ, ಹಾಗಾಗಿ ಆ ಪರೀಕ್ಷೆ ಫಿಲ್ಮ್ ಹಚ್ಚಿದ ಮೇಲೆ. ತುದಿಯ ರಿಬ್‌ಗೆ ಎರಡು ಹಲಗೆ ತುಂಡು ಕಚ್ಚಿಸಿ, ಸ್ಪಾರ್‌ನಿಂದ 100 ಮಿ.ಮೀ. ಹಿಂದೆ 200 ಗ್ರಾಂ ತೂಗುಹಾಕಿ, ತುದಿ ಎಷ್ಟು ಡಿಗ್ರಿ ತಿರುಗಿತೆಂದು ಎಡಬಲ ಎರಡೂ ಕಡೆ ಅಳೆಯಬೇಕು. ಎರಡು ಕಡೆಯ ಅಂಕಿಗಳು ಬೇರೆ ಬೇರೆ ಬಂದರೆ ಫಿಲ್ಮ್ ಒಂದು ಕಡೆ ಸಡಿಲವಿದೆ, ಇಲ್ಲವೇ ಯಾವುದೋ ರಿಬ್ ಮುಂದಂಚಿನಿಂದ ಬಿಟ್ಟುಕೊಂಡಿದೆ. ಇಸ್ತ್ರಿ ಮತ್ತೊಮ್ಮೆ ಹಾಯಿಸಿ ಪುನಃ ಅಳೆಯಿರಿ. ಅಂಕಿ ಕದಲದಿದ್ದರೆ ಫಿಲ್ಮ್ ಕೊಯ್ದು ಒಳಗೆ ನೋಡದೆ ಬೇರೆ ದಾರಿಯಿಲ್ಲ.